ಸಮುಯಿಯಿಂದ ಫಂಗಾನ್‌ಗೆ, ಅವ್ವನ ಜೊತೆ

ಅಪ್ಪಾ, ಹ್ಯಾರೋದ ನಮ್ಮ ಮನೆಯಿಂದ ನಿಮ್ಮ ಮಗಳು.

ಕಳೆದ ತಿಂಗಳು ಅವ್ವನನ್ನು ಥಾಯ್ಲೆಂಡಿಗೆ ಕರೆದುಕೊಂಡು ಹೋಗಿದ್ದೆ. ನೀವು ಹೋದ ಮೇಲೆ ಅವಳು ಎಲ್ಲಿಗೂ ಹೊರಟವಳಲ್ಲ. ಸಮುಯಿ ದ್ವೀಪದಲ್ಲಿ ಒಂದು ವಾರ ಸುಮ್ಮನೆ ಕೂತು ಬರೋಣ ಅಂತ ನನ್ನ ಯೋಚನೆ. ಆದರೆ ಒಂದು ಬೆಳಿಗ್ಗೆ ಅವಳೇ, ಎದುರಿಗೆ ಕಾಣುವ ಫಂಗಾನ್ ದ್ವೀಪಕ್ಕೆ ಫೆರಿ ಇದೆಯಂತೆ, ಹೋಗೋಣ ಅಂದಳು. ನನಗೆ ನಂಬಿಕೆ ಬರಲಿಲ್ಲ. ನೀರು ಕಂಡರೆ ಹೆದರುವವಳು ಅವಳಲ್ಲವೇ?

ವಿಂಡರ್‌ಮಿಯರ್ ಸರೋವರ ನೆನಪಿದೆಯೇ? ನಾನೂ ತಮ್ಮನೂ ದೋಣಿಯ ಕ್ಯೂನಲ್ಲಿ ನಿಂತಿದ್ದೆವು. ನೀವು ದಡದ ಬೆಂಚಿನಲ್ಲೇ ಕೂತು, "ನಿಮ್ಮವ್ವಗ ನೀರಂದ್ರ ಅಂಜಿಕಿ. ನೀವಿಬ್ರೂ ಹೋಗ್ರಿ, ನಾ ಆಕಿ ಕೂಡ ಇರ್ತೀನಿ" ಅಂದಿರಿ. ಗ್ರೀನಿಚ್‌ಗೆ ಜೊತೆಗಿದ್ದವರೆಲ್ಲ ಥೇಮ್ಸ್ ನದಿಯ ಮೇಲೆ ಬೋಟಿನಲ್ಲಿ ಹೋದಾಗಲೂ ನಾವು ರೈಲು ಹಿಡಿದೆವು. ಪ್ರತಿ ಸಲವೂ ಅವಳದೇ ಹೆಸರು. ಅವಳು ಒಮ್ಮೆಯೂ ಅಲ್ಲ ಅನ್ನಲಿಲ್ಲ.

ಫೆರಿ ದಡ ಬಿಟ್ಟ ಸ್ವಲ್ಪ ಹೊತ್ತಿಗೇ ಗಾಳಿ ಎದ್ದಿತು. ಅಲೆ ಕಿಟಕಿಗೆ ಬಂದು ಬಡಿಯುತ್ತಿತ್ತು. ಸಿಬ್ಬಂದಿ ವಾಂತಿಗೆಂದು ಪ್ಲಾಸ್ಟಿಕ್ ಚೀಲ ಹಂಚಿದರು. ಅವ್ವ ಸೀಟು ಬಿಟ್ಟು ಹೋಗಿ, ಮುಖಕ್ಕೆ ನೀರು ಹಾರುತ್ತಿದ್ದರೂ ಬಾಗಿಲ ಬಳಿ ನಿಂತೇ ಇದ್ದಳು. ನಾನು ಮುಂದಿನ ಸೀಟಿನ ಕಂಬಿ ಹಿಡಿದು ಎಂಜಿನ್ ಬಗ್ಗೆ, ಲೈಫ್ ಜಾಕೆಟ್ ಬಗ್ಗೆ ಒಂದೇ ಸಮನೆ ಯಾರಿಗೋ ಹೇಳುತ್ತಿದ್ದೆ. ಅವಳು ವಾಪಸು ಬಂದು ಪಕ್ಕದಲ್ಲಿ ಕೂತು ನನ್ನ ಬೆರಳು ಬಿಡಿಸಿದಳು.

"ಥೇಟ್ ನಿಮ್ಮಪ್ಪನ್ಹಂಗ. ಅಂಜಿದ್ರ ಅವರೂ ಹಿಂಗ ಮಾತಾಡ್ತಿದ್ರು."

ಅಪ್ಪ ಯಾವುದಕ್ಕೆ ಅಂಜುತ್ತಿದ್ದರು ಅಂತ ಕೇಳಿದೆ.

"ನೀರಿಗೆ. ನನಗೆಲ್ಲಿ ಅಂಜಿಕಿ? ನಾ ಘಟಪ್ರಭಾ ಹೊಳ್ಯಾಗ ಈಜಿ ಬೆಳದಾಕಿ."

ಆಮೇಲೆ ಎಲ್ಲ ಹೇಳಿದಳು, ದೊಡ್ಡ ಅಲೆ ಬಂದಾಗ ಮಾತು ನಿಲ್ಲಿಸುತ್ತಾ. ನಿಮಗೊಬ್ಬ ಅಣ್ಣ ಇದ್ದರಂತೆ, ಗುರುಪಾದ. ನೀವು ಚಿಕ್ಕವರಿದ್ದಾಗ ಮಲಪ್ರಭೆಯಲ್ಲಿ ನಿಮ್ಮ ಕಣ್ಣೆದುರೇ ಕೊಚ್ಚಿಹೋದರಂತೆ. ಮದುವೆಯಾದ ಹೊಸತರಲ್ಲಿ ಅವಳಿಗೊಮ್ಮೆ ಹೇಳಿದ್ದಿರಂತೆ, ಮತ್ತೆಂದೂ ಆ ಹೆಸರು ಎತ್ತಲಿಲ್ಲವಂತೆ. ನಮಗೊಬ್ಬ ದೊಡ್ಡಪ್ಪ ಇದ್ದರು ಅನ್ನುವುದೇ...

"ನಿಮ್ಮಪ್ಪನಂಥ ಡಾಕ್ಟರು ಅಂಜತಾರ ಅಂದ್ರ ಜನ ಯಾಕ ಅಂತ ಕೇಳ್ತಿದ್ರು. ಹೇಳೂದು ಅವರ ಕೈಲೆ ಆಗ್ತಿರಲಿಲ್ಲ. ನಂಗ ಅಂಜಿಕಿ ಅಂದ್ರ ಯಾರೂ ಕೇಳಂಗಿಲ್ಲ. ನಕ್ಕು ಬಿಡ್ತಾರ."

ಫಂಗಾನ್ ಬಂತು. ಇಳಿದೆವು. ಫೆರಿ ನಿಲ್ಲುವ ದಕ್ಕೆಯ ಹತ್ತಿರ ಎಳನೀರು ಕುಡಿದೆವು. ನನಗೆ ಅಳು ಬರಲಿಲ್ಲ. ನಿಮ್ಮ ಮೇಲೆ ಸಿಟ್ಟು ಬರಬೇಕಿತ್ತೇ? ಅದೂ ಬರಲಿಲ್ಲ. ಅಷ್ಟು ವರ್ಷ ಪಕ್ಕಪಕ್ಕದಲ್ಲಿ ದಡದ ಬೆಂಚಿನ ಮೇಲೆ ಕೂತು ನೀವಿಬ್ಬರೂ ಏನು ಮಾತಾಡುತ್ತಿದ್ದಿರೋ ಅನ್ನಿಸಿತು, ಅಷ್ಟೆ.

ಹೋದ ಭಾನುವಾರ ನಮ್ಮ ಕಡೆಯ ನಾಲ್ಕಾರು ಮನೆಯವರು ಊಟಕ್ಕೆ ಬಂದಿದ್ದರು. ಫೋಟೋ ನೋಡಿದವರೊಬ್ಬರು, ನೀರಿಗೆ ಹೆದರುವವರು ಹಡಗು ಹೇಗೆ ಹತ್ತಿದಿರಿ ಅಂತ ಅವ್ವನನ್ನು ಕೇಳಿದರು. ನಾನು ಇನ್ನೇನು ಬಾಯಿ ತೆರೆಯಬೇಕು, ಅವಳು ನನ್ನ ತಟ್ಟೆಗೆ ರೊಟ್ಟಿ ಹಾಕುತ್ತಾ, "ವಯಸ್ಸಾತಲ್ರಿ, ಅಂಜಿಕಿ ಹೋತು" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ತಮ್ಮನಿಗೂ ಹೇಳಿಲ್ಲ ಅಪ್ಪಾ. ಹೇಳುವುದಿಲ್ಲ.