ಮನೆಗಾಡಿ ಎಂದು ಬರೆದ ಕಾಗದ

ಗದಗ, ಫೆಬ್ರವರಿ ೩೦, ೨೧೫೧

ಪೂಜ್ಯ ಗಂಗಾ ಆಯಿಯವರಿಗೆ,

ನಿಮ್ಮ ಕಾಲಕ್ಕೇ ಹಿಂದಕ್ಕೆ ಕಳಿಸುತ್ತಿರುವ ಪತ್ರವಿದು, ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ಮಾತಿನಲ್ಲಿ ನಿಮಗೆ ತಿಳಿಯದ ಪದ ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ದ್ಯಾಮಣ್ಣ, ನಿಮ್ಮ ಮರಿಮೊಮ್ಮಗನ ಮಗ. ಖಾನಾವಳಿಗಳಿಗೆ ಜೋಳದ ರೊಟ್ಟಿ ಹಾಕಲು ನೀವು ಕೊಂಡ ಒಂದು ವ್ಯಾನು ಈಗ ಒಂಬತ್ತು ಬಿಸಿಲುಗಾಡಿಗಳಾಗಿದೆ. ಚಾವಣಿಯ ಮೇಲೆ ಬಿದ್ದ ಬಿಸಿಲನ್ನೇ ಕುಡಿದು ಓಡುವ ಗಾಡಿಗಳಿವು. ನಿಮ್ಮ ಫೋಟೋ ಗಾಡಿಮನೆಯ ಬಾಗಿಲಲ್ಲೇ ಇದೆ.

ನಾವು ಹೆಚ್ಚಾಗಿ ಜೇನುಪೆಟ್ಟಿಗೆ ಸಾಗಿಸುತ್ತೇವೆ. ಬಯಲಿನಲ್ಲಿ ತಾವಾಗಿ ಹಾರಾಡುವ ಜೇನು ಈಗಿಲ್ಲ. ಸೂರ್ಯಕಾಂತಿ ಹೂ ಬಿಟ್ಟಿತೆಂದರೆ ಸಾಕಿದ ಜೇನನ್ನು ಹೊಲಕ್ಕೆ ಒಯ್ದು ಇಡಬೇಕು, ಇಲ್ಲದಿದ್ದರೆ ಕಾಳು ಕಟ್ಟುವುದಿಲ್ಲ. ಬೆಳಕು ಹರಿಯುತ್ತಲೇ ಹೊರಟು ಒಂಬತ್ತರೊಳಗೆ ಮುಟ್ಟಬೇಕು. ಆಮೇಲಿನ ಬಿಸಿಲಿಗೆ ಮುಚ್ಚಿದ ಪೆಟ್ಟಿಗೆ ಒಲೆಯಾಗುತ್ತದೆ. ಅದಕ್ಕೇ ನಮಗೆ ದಾರಿನೆರವು ಬೇಕೇ ಬೇಕು. ನೀವು ರೋಡ್‌ಸೈಡ್ ಅಸಿಸ್ಟೆನ್ಸ್ ಎನ್ನುತ್ತೀರಲ್ಲ, ಅದೇ. ಗಾಡಿ ನಿಂತರೆ ನೆರವುಬಂಡಿ ಬಂದು ಅಲ್ಲೇ ರಿಪೇರಿ ಮಾಡುತ್ತದೆ, ಆಗದಿದ್ದರೆ ಸರಕಿನ ಸಮೇತ ಎಳೆದೊಯ್ಯುತ್ತದೆ.

ಹೋದ ತಿಂಗಳು ನಮ್ಮ ಹುಲಿಗೆವ್ವನ ಗಾಡಿ ಡಂಬಳದ ಹತ್ತಿರ ಕೆಟ್ಟು ನಿಂತಿತು. ಹನ್ನೆರಡು ವರ್ಷದಿಂದ ನಮ್ಮಲ್ಲಿ ಗಾಡಿ ಹೊಡೆಯುವವಳು. ಅಂದು ಹೇರಿದ್ದು ಅವಳದೇ ಜೇನು. ಒಂದು ಗೂಡಿನಿಂದ ಶುರುಮಾಡಿ ನಲವತ್ತು ಪೆಟ್ಟಿಗೆ ಮಾಡಿಕೊಂಡಿದ್ದಳು. ಮೊದಲ ಸಲ ತನ್ನದನ್ನೇ ಹೊಲಕ್ಕೆ ಒಯ್ಯುತ್ತಿದ್ದೇನೆಂದು ಹೂ ಮುಡಿದು ಹೊರಟಿದ್ದಳು. ನೆರವುಬಂಡಿ ಇಪ್ಪತ್ತೇ ನಿಮಿಷದಲ್ಲಿ ಬಂತು. ಮೆಕ್ಯಾನಿಕ್ ಪೆಟ್ಟಿಗೆ ನೋಡಿದ, ದಾರಿನೆರವಿನ ಕರಾರು ಕಾಗದ ನೋಡಿದ. "ಅಕ್ಕಾರ, ಇದರಾಗ ಮನಿಗಾಡಿ ಅಂತ ಬರದೈತ್ರಿ. ನೀವು ನೋಡಿದ್ರ ದಂಧೆ ಮಾಲ್ ಹೇರೀರಿ. ನಾ ಮುಟ್ಟಿದ್ರ ನನ್ನ ಕೆಲಸ ಹೋಗ್ತೈತಿ" ಎಂದು ಹೊರಟುಹೋದ.

ನಮ್ಮ ಉಳಿದ ಗಾಡಿಗಳೆಲ್ಲ ದೂರದ ಹೊಲಗಳಿಗೆ ಹೋಗಿದ್ದವು, ಹುಬ್ಬಳ್ಳಿಯಿಂದ ಬಾಡಿಗೆ ಗಾಡಿ ಬರುವಷ್ಟರಲ್ಲಿ ಮಧ್ಯಾಹ್ನ ಎರಡಾಗಿತ್ತು. ಪೆಟ್ಟಿಗೆಯ ಬಾಗಿಲು ತೆಗೆಯುವಂತಿಲ್ಲ, ಆ ಬಿಸಿಲಿಗೆ ಹಾರಿಹೋದ ಜೇನು ಮರಳುವುದಿಲ್ಲ. ಕುಡಿಯುವ ನೀರನ್ನೆಲ್ಲ ಅವುಗಳ ಮೇಲೆ ಸುರಿದಳಂತೆ, ಸೆರಗು ಹರಿದು ನೆನೆಸಿ ಹೊದಿಸಿದಳಂತೆ. ನಲವತ್ತರಲ್ಲಿ ಒಂದೂ ಉಳಿಯಲಿಲ್ಲ.

ಮನೆಗಾಡಿ ಎಂಬ ಆ ಮಾತನ್ನು ಮೊದಲು ಬರೆಸಿದವರು ನೀವು. ಗಾಡಿ ವ್ಯಾಪಾರಕ್ಕೋ ಮನೆ ಬಳಕೆಗೋ ಎಂದು ದಾರಿನೆರವಿನ ಫಾರ್ಮಿನಲ್ಲಿ ಕೇಳಿದಾಗ ಮನೆಗೆ ಎಂದು ಗುರುತು ಹಾಕಿದಿರಿ. ಇದ್ದದ್ದೇ ಒಂದು ವ್ಯಾನು, ಭಾನುವಾರ ಅದರಲ್ಲೇ ಬೀಗರ ಮನೆಗೂ ಹೋಗುತ್ತಿದ್ದಿರಿ, ಅರ್ಥವಾಗುತ್ತದೆ. ಆಮೇಲೆ ನಮ್ಮ ಮನೆಯವರೆಲ್ಲ ಹಳೆಯದನ್ನೇ ನಕಲು ಮಾಡುತ್ತ ಬಂದೆವು. "ಅಣ್ಣಾರ, ಹಿಂಗ್ಯಾಕ ಬರಸೀರಿ?" ಎಂದು ಹುಲಿಗೆವ್ವ ಕೇಳಿದಾಗ ನಾನು ಹೇಳಿದ್ದೂ ಇಷ್ಟೇ: "ಆಯಿ ಕಾಲದ ತಪ್ಪವ್ವಾ, ನನಗ ಗೊತ್ತಽ ಇರಲಿಲ್ಲ."

ಸುಳ್ಳು, ಆಯಿ. ಗೊತ್ತಿತ್ತು. ದೀಪಾವಳಿಗೆ ನವೀಕರಿಸುವಾಗ ಆ ಸಾಲನ್ನು ಎರಡು ಸಲ ಓದಿದ್ದೆ. ತಿದ್ದಿದರೆ ಒಂಬತ್ತೂ ಗಾಡಿಗಳನ್ನು ತಪಾಸಣೆಗೆ ಒಯ್ಯಬೇಕು, ಹಂಗಾಮಿನಲ್ಲಿ ಎರಡು ದಿನ ಹಾಳು. ಇಷ್ಟು ವರ್ಷ ಯಾವ ಗಾಡಿಯೂ ನಡುದಾರಿಯಲ್ಲಿ ಕೈಕೊಟ್ಟಿಲ್ಲ, ಈಗೇನಾಗುತ್ತದೆ ಎಂದು ಹಾಗೆಯೇ ಕಳಿಸಿಬಿಟ್ಟೆ. ಥೂ, ನನ್ನ ಜನ್ಮಕ್ಕಿಷ್ಟು!

ಈಗ ದಿನಾ ಬೆಳಿಗ್ಗೆ ಹುಲಿಗೆವ್ವ ನಿಮ್ಮ ಫೋಟೋಗೆ ಹೂ ತರುತ್ತಾಳೆ. "ನಿಮ್ದೇನ್ ತಪ್ಪ್ರಿ ಆಯಿ, ನಿಮಗ ಒಂದಽ ಗಾಡಿ ಇತ್ತು. ನನಗ ನಿಮ್ಮ ಮ್ಯಾಲ ಸಿಟ್ಟಿಲ್ಲ" ಎನ್ನುತ್ತಾಳೆ. ನಾನು ಅವಳ ಹಿಂದೆಯೇ ನಿಂತಿರುತ್ತೇನೆ.

ಆಯಿ, ಈ ಪತ್ರ ಮುಟ್ಟಿದ ವಾರವೇ, ನಿಮ್ಮ ಕಾಲದಲ್ಲಿ, ಆ ಫಾರ್ಮು ನಿಮ್ಮ ಕೈಗೆ ಬರುತ್ತದೆ. ವ್ಯಾಪಾರಕ್ಕೆ ಎಂದೇ ಬರೆಸಿ. ಅವಳ ಜೇನು ಉಳಿದೀತು. ಈ ಪತ್ರ ನಿಮಗೆ ಮುಟ್ಟದಿದ್ದರೆ, ನಾಳೆ ಅವಳು ಹೂ ಏರಿಸುವ ಮೊದಲೇ ನಿಜ ಹೇಳಿಬಿಡುತ್ತೇನೆ. ನಿಮ್ಮಾಣೆ.

ನಿನ್ನೆಯೂ ಇದೇ ಆಣೆ ಮಾಡಿದ್ದೆ.

ನಿಮ್ಮ,
ದ್ಯಾಮಣ್ಣ