ಗಾಜಿನ ಮೇಲಿನ ಹಾಳೆ

ಕುರ್ಲಾ, ಮುಂಬಯಿ
13-6-1989

ತೀರ್ಥರೂಪು ಅಪ್ಪನವರಿಗೆ ಶಾಮಲಾಳ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಸೀಸೆಯನ್ನು ದೇವರ ಪಟದ ಹಿಂದಿಟ್ಟು ಮರೆತಿದ್ದೀರೋ? ನಾನು ಚೆನ್ನಾಗಿದ್ದೇನೆ ಅಂತ ಬರೆಯಬೇಕು, ಆದರೆ ಅದು ಸುಳ್ಳಾಗುತ್ತದೆ. ನನ್ನ ಕಾಗದಗಳನ್ನೆಲ್ಲ ನೀವು ನನ್ನ ತಮ್ಮ ತಿರುಮಲೇಶನಿಗೆ ಗಟ್ಟಿಯಾಗಿ ಓದಿ ಹೇಳುತ್ತೀರಲ್ಲ, ಇದನ್ನು ಮಾತ್ರ ಮನಸ್ಸಿನಲ್ಲೇ ಓದಿಕೊಳ್ಳಿ.

ಅಚ್ಚಿನ ಅಕ್ಷರ ನೋಡಿ ತಾನೇ ಗಟ್ಟಿಯಾಗಿ ಓದುವ ಯಂತ್ರ ಈ ಭಾನುವಾರ ನಮ್ಮ ಟೀವಿ ಕಾರ್ಯಕ್ರಮದಲ್ಲಿ ಬರುತ್ತದೆಂದು ನಾನೇ ಜಂಬದಿಂದ ಬರೆದಿದ್ದೆ. ಅದನ್ನು ನಂಬಿಕೊಂಡು ತಿರುಮಲೇಶ 'ಯಂತ್ರ ಬರೋವಾಗ ಆ ಚುಕ್ಕಿ ಲಿಪಿ ಯಾಕೆ ಕಲೀಲಿ, ಅಂಧರ ಶಾಲೆಗೆ ಹೋಗಲ್ಲ' ಅಂತ ಹಠ ಹಿಡಿದಿದ್ದಾನೆಂದು ನೀವು ಬರೆದಿದ್ದೀರಿ. ಶಾಲೆಗೆ ಸೇರಲು ಸೋಮವಾರವೇ ಕಡೆಯ ದಿನ. ನೀವೂ 'ಹೋಗಲಿ ಬಿಡು, ಮೊದಲು ಯಂತ್ರ ನೋಡೋಣ' ಅಂದು ಬೀದಿಯವರನ್ನೆಲ್ಲ ಟೀವಿ ಮುಂದೆ ಕೂರಿಸಲು ಹೊರಟಿದ್ದೀರಿ! ಕಣ್ಣು ಹೋದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದ ಹುಡುಗ. ಅವನ ಬಾಯಲ್ಲಿ ಶಾಲೆಗೆ ಹೂಂ ಅನ್ನಿಸಲು ನೀವು ಪಟ್ಟ ಪಾಡು ನನಗೆ ಗೊತ್ತಿಲ್ಲವೇ?

ಮೊನ್ನೆ ಶನಿವಾರ ರೆಕಾರ್ಡಿಂಗ್ ಇತ್ತು. ಆ ಯಂತ್ರ ನಿಮ್ಮ ಬೀದಿಕೊನೆಯ ಜೆರಾಕ್ಸ್ ಯಂತ್ರದ ಹಾಗೆಯೇ. ಮೇಲೆ ಗಾಜು, ಹಾಳೆಯನ್ನು ಅದರ ಮೇಲೆ ಬೋರಲು ಹಾಕಬೇಕು, ಯಂತ್ರ ಕೆಳಗಿನಿಂದ ನೋಡಿ ಓದುತ್ತದೆ. ಹಿಂದಿನ ವಾರ ಅದು ತಡವರಿಸುತ್ತ ನಾಲ್ಕು ಮಾತು ಓದಿದ್ದನ್ನು ನಾನೇ ಕೇಳಿದ್ದೆ. ಆದರೆ ಸ್ಟುಡಿಯೋ ದೀಪಗಳ ಕಾವಿಗೆ ಕೊರ್ ಕೊರ್ ಅಂದದ್ದು ಬಿಟ್ಟರೆ ಏನೂ ಇಲ್ಲ. ಸ್ಟುಡಿಯೋದಲ್ಲಿ ನಮಗೆ ಕೊಟ್ಟ ಹೊತ್ತು ಮುಗಿಯುತ್ತ ಬಂತು, ಮುಂದಿನ ತಂಡದವರು ಬಾಗಿಲಲ್ಲಿ ನಿಂತು ಗೊಣಗತೊಡಗಿದರು. ಪ್ರೊಡ್ಯೂಸರ್ ವಿನೋದಿನಿ ಮೇಡಂ ಹಾಳೆಯ ಇನ್ನೊಂದು ಪ್ರತಿಯನ್ನು ನನ್ನ ಕೈಗೆ ತುರುಕಿ, ಪ್ಲೈವುಡ್ ಗೋಡೆಯ ಹಿಂದೆ ತಳ್ಳಿ, 'ಶಾಮಲಾ, ತೂ ಬೋಲ್! ನಾಕ್ ಪಕಡ್ ಕೇ ಬೋಲ್!' ಅಂದರು. ಮೂಗು ಹಿಡಿದುಕೊಂಡು ಮೈಕಿನಲ್ಲಿ ಓದಿದೆ ಅಪ್ಪಾ. ಯಂತ್ರ ಓದಿತೆಂದು ಎಲ್ಲರೂ ಚಪ್ಪಾಳೆ ತಟ್ಟಿದರು.

ನಿನ್ನೆ ಎಡಿಟಿಂಗ್ ಕೋಣೆಯಲ್ಲಿ ಕಂಡೆ: ನಿರೂಪಕ ಮಹಾಶಯ ಹಾಳೆಯನ್ನು ಅಕ್ಷರ ಮೇಲೆ ಮಾಡಿ ಇಟ್ಟಿದ್ದಾನೆ! ನಮ್ಮ ಟೀವಿಯವರ ಚಾಳಿಯೇ ಅದು. ಇಡ್ಲಿ ತಟ್ಟೆ ಕೊಟ್ಟರೂ ಕ್ಯಾಮರಾದ ಕಡೆ ತಿರುಗಿಸಿಯೇ ಹಿಡಿಯುತ್ತಾರೆ. ಯಂತ್ರದ ಕಣ್ಣಿಗೆ ಬಿದ್ದದ್ದು ಹಾಳೆಯ ಖಾಲಿ ಬೆನ್ನು. ಅದನ್ನೇ ಅದು ಒಂದೂ ತಪ್ಪಿಲ್ಲದೆ ಓದಿಬಿಟ್ಟಿದೆ. ಮೇಡಂಗೆ ತೋರಿಸಿದೆ. ಯಂತ್ರ ಇನ್ನೂ ತಯಾರಾಗಬೇಕು ಅಂತ ಒಂದು ಸಾಲಾದರೂ ಹಾಕೋಣ ಎಂದು ಗೋಗರೆದೆ. 'ಕೋಯೀ ನಹೀ ದೇಖೇಗಾ. ನೌಕರಿ ಕರನೀ ಹೈ ನಾ?' ಅಂದರು. ಯಾರೂ ಗಮನಿಸುವುದಿಲ್ಲವಂತೆ, ನನಗೆ ಕೆಲಸ ಉಳಿಯಬೇಕೋ ಬೇಡವೋ ಅಂತ. ಹೆದರಿ ಬಾಯಿ ಮುಚ್ಚಿಕೊಂಡು ಬಂದೆ. ನನ್ನ ಮೇಲೆ ನನಗೇ ಸಿಟ್ಟು ಬರುತ್ತಿದೆ.

ಪಕ್ಕದ ಖೋಲಿಯ ಸಂಗಪ್ಪನವರು ಕೆಲಸದ ಮೇಲೆ ಮೈಸೂರಿಗೆ ಹೊರಟಿದ್ದಾರೆ. ಅಂಚೆಯನ್ನು ನಂಬದೆ ಅವರ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ರಮಾಮಣಿ ಚಿಕ್ಕಮ್ಮನಿಗೆ ನನ್ನ ನೆನಪು ಹೇಳಿ. ಎಣ್ಣೆ ಹಚ್ಚಿಕೊಳ್ಳಿ.

ನಿಮ್ಮ ಮಗಳು,
ಶಾಮಲಾ

ತಾ.ಕ.: ಸಂಗಪ್ಪನವರು ಬಾಗಿಲಲ್ಲಿ ನಿಂತು 'ಲಗೂ ಕೊಡ್ರಿ ಅಕ್ಕಾರ, ಗಾಡಿ ತಪ್ಪತೈತಿ' ಅನ್ನುತ್ತಿದ್ದಾರೆ. ಮನಸ್ಸಿನಲ್ಲೇ ಓದಿಕೊಳ್ಳಿ ಅಂದೆನಲ್ಲ, ಬೇಡ. ತಿರುಮಲೇಶನಿಗೆ ಪೂರ್ತಿ ಗಟ್ಟಿಯಾಗಿ ಓದಿ ಹೇಳಿ, ಭಾನುವಾರಕ್ಕೆ ಮುಂಚೆಯೇ. ಬೀದಿಯವರು ಹಾಳೆಯನ್ನು ಗಮನಿಸದೆ ಇರಬಹುದು. ಅವನಿಗಂತೂ ಅದು ಕಾಣುವುದೇ ಇಲ್ಲ. ಆದರೆ ನಾನು ಎಷ್ಟು ಮೂಗು ಹಿಡಿದರೂ ಅಕ್ಕನ ದನಿ ಅವನಿಗೆ ಮೊದಲ ಮಾತಿಗೇ ಗೊತ್ತಾಗುತ್ತದೆ. ಅಷ್ಟು ಜನರ ಮಧ್ಯೆ ಗೊತ್ತಾಗುವುದು ಬೇಡ. ಸೋಮವಾರ ಅವನನ್ನು ಶಾಲೆಗೆ ಸೇರಿಸಿ. ನನ್ನನ್ನು ಬೈಯುವುದಿದ್ದರೆ ಆ ಚುಕ್ಕಿ ಲಿಪಿಯಲ್ಲೇ ಬೈದು ಬರೆಯಲಿ. ಓದುವುದನ್ನು ನಾನೂ ಕಲಿಯುತ್ತೇನೆ.