ಗುಡ್ಡೆಯ ಮೇಲೆ ಕವುಚಿದ ಎಲೆ

ಹುಡುಗಿಯರ ಹಾಸ್ಟೆಲ್, ಪೋರ್ಟ್ ಮೋರ್ಸ್‌ಬಿ
ಮಾರ್ಚ್ 9

ಪ್ರೀತಿಯ ಎರೀಕೊ ಅಣ್ಣಾ,

ಜೈಲಿನಲ್ಲಿರುವವನನ್ನು ಹೇಗಿದ್ದೀ ಎಂದು ಕೇಳಬಹುದೋ ಇಲ್ಲವೋ, ಕೇಳುತ್ತಿದ್ದೇನೆ. ಐದು ವಾರ ಬರೆಯಲಿಲ್ಲ, ಸಾರಿ. ಲೆಕ್ಚರ್, ಟೆಸ್ಟ್ ಎಂದೆಲ್ಲ ನೆಪ ಹೇಳಬಹುದು. ನಿಜವೆಂದರೆ ಬರೆದು ಬರೆದು ಹರಿದೆ. ಗಾಯ ಮಾಯಿತೇ? ಎರಡು ಬೆರಳಿಲ್ಲದೆ ಸಿಗರೇಟು ಹೇಗೆ ಸುತ್ತುತ್ತೀ?

ಅಮ್ಮ ಚಿಕ್ಕಮ್ಮನ ಮನೆಯಲ್ಲಿದ್ದಾಳೆ. ಮಾವನ ಮಕ್ಕಳು ನಮ್ಮ ಮನೆ ಸುಟ್ಟರು, ಹಂದಿಗಳನ್ನು ದೊಡ್ಡಿಯಲ್ಲೇ ಕಡಿದರು. "ನಿನ್ ಮಗ ಮೊಟ್ಟೆ ಕದ್ದ, ನಮ್ಮಪ್ಪನ್ ಜೀವಾನೂ ತಿಂದ" ಎಂದು ಅವಳ ಮುಖಕ್ಕೆ ಬೂದಿ ಎರಚಿದರಂತೆ. ಫೋನಿನಲ್ಲಿ ಅವಳು ಹೇಳಿದ್ದು ಇಷ್ಟೇ: "ನೀನ್ ಓದ್ಕೋ ಮಗಳೇ. ಇಲ್ಲಿಗ್ ಬರ್ಬೇಡ."

ಓದಲು ಕೂತರೆ, ನಾನು ರಜೆಗೆ ಊರಿಗೆ ಬಂದಿದ್ದಾಗಿನ ಆ ಬೆಳಿಗ್ಗೆಯೇ ಎದುರಿಗೆ ಬರುತ್ತದೆ. ಹೊವೇವಾ ಮಾವ, ಅಮ್ಮನ ಸ್ವಂತ ತಮ್ಮ, ಕತ್ತಿ ಹಿಡಿದು ಅಂಗಳಕ್ಕೆ ಬಂದ. "ಏಯ್ ಕಳ್ನಾಯಿ, ನನ್ ಗುಡ್ಡೆಕೋಳಿ ಮೊಟ್ಟೆ ತೆಗ್ದೋನು ನೀನೇ!"

ನೀನು ನಕ್ಕೆ. "ಅಡಿಕೆ ತಲೆಗೇರ್ತಾ ಮಾವಾ? ನಮ್ದೇ ಮೂರು ಗುಡ್ಡೆ ಇದಾವಲ್ಲ!"

"ಬಾರೋ, ತೋರಿಸ್ತೀನಿ."

ನಾನೂ ಹಿಂದೆ ಬಂದೆ. ಮೊಟ್ಟೆ ಹುದುಗಿಸಲು ಹಕ್ಕಿ ಕೆದರಿ ಒಟ್ಟಿದ, ಎದೆಯೆತ್ತರದ ತರಗೆಲೆಯ ಗುಡ್ಡೆ. ನೆತ್ತಿಯಲ್ಲಿ ಒಂದು ಶುಂಠಿ ಎಲೆ ಕವುಚಿತ್ತು.

"ಮೊಟ್ಟೆ ತೆಗೆದ್ಮೇಲೆ ಹಿಂಗ್ ಎಲೆ ಮುಚ್ಚೋದು ಯಾರ ಮನೇಲಿ? ಹೇಳೋ!"

ನೀನು ಆ ಎಲೆಯನ್ನೇ ನೋಡಿದೆ. ನಗು ನಿಂತಿತು. "ನಾನೇ ತೆಗ್ದೆ" ಅಂದೆ.

ಕತ್ತಿಯೇಟು ಬಿತ್ತು. ನಿನ್ನ ಎರಡು ಬೆರಳು ತುಂಡಾಗಿ ತರಗೆಲೆಯೊಳಗೆ ಹೋದವು. ಮಾವ ಎರಡನೇ ಸಲ ಎತ್ತಿದಾಗ ನೀನು ಅಗೆಯುವ ಕೋಲು ಬೀಸಿದೆ. ಅವನು ಗುಡ್ಡೆಗೆ ಒರಗಿ ಕೂತ, ದಣಿದವನ ಹಾಗೆ. ಕಿವಿಯಿಂದ ರಕ್ತ ಇಳಿಯುತ್ತಲೇ ಇತ್ತು.

ನಿನ್ನ ವಕೀಲರಿಗೆ ಫೋನ್ ಮಾಡಿದ್ದೆ. "ಜೀವ ಉಳಿಸ್ಕೊಳ್ಳೋಕೆ ಹೊಡ್ದೆ ಅಂತಾನೆ. ಕದ್ದಿದೀನಿ ಅಂತ್ಲೂ ಒಪ್ಕೊಂಡಿದಾನೆ. ಕಳ್ಳನ ಮಾತು ಯಾರಮ್ಮ ನಂಬ್ತಾರೆ?" ಅಂದರು.

ಉಳಿದ ಎಂಟು ಬೆರಳನ್ನು ದೇವರು ಕಾಯಲಿ.

ನಿನ್ನ ತಂಗಿ,
ಡಲ್ಸಿ

ಮತ್ತೆ: ಮೊಟ್ಟೆ ತೆಗೆದವಳು ನಾನು. ಮಾವ ನೆಟ್ಟ ಗುರುತಿನ ಕೋಲಿನಲ್ಲಿ ಗಂಟು ಹಾಕಿದ ಎಲೆ ಒಣಗಿತ್ತು, ಗುಡ್ಡೆ ಬಿಟ್ಟುಬಿಟ್ಟಿದ್ದಾರೆ ಎಂದುಕೊಂಡೆ. ಎಲೆ ಒಣಗಿದರೂ ಒಡೆತನ ಹೋಗುವುದಿಲ್ಲ ಎಂಬುದು ಏಳು ವರ್ಷದ ಹಾಸ್ಟೆಲಿನಲ್ಲಿ ಮರೆತೇಹೋಗಿತ್ತು. ನೀನು ಕಲಿಸಿದ ಹಾಗೆ ಎಲೆ ಮುಚ್ಚುವುದನ್ನು ಮಾತ್ರ ಕೈ ಮರೆಯಲಿಲ್ಲ. ತೊಟ್ಟು ಎಡಕ್ಕೆ ತಿರುಗಿತ್ತು. ನಮ್ಮ ಮನೆಯಲ್ಲಿ ಎಡಚಿ ನಾನೊಬ್ಬಳೇ. ನೀನು ನೋಡಿದ್ದು ಅದನ್ನೇ ಅಲ್ಲವೇ? ನಾನು ಮರದ ಹಿಂದೆ ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ಸೋಮವಾರ ವಿಚಾರಣೆಗೆ ಬರುತ್ತಿದ್ದೇನೆ. 'ನಾನೇ ತೆಗ್ದೆ' ಎಂಬುದು ನನ್ನ ಮಾತು ಅಣ್ಣಾ. ವಾಪಸ್ ಕೊಡು.